ಸಹಿ ತಾಳೆ

ಶಾರ್ಜಾದ ರೋಲಾದಲ್ಲಿ, ಒಗೆದ ಬಟ್ಟೆ ತೂಗುವ ಬಾಲ್ಕನಿಗಳ ಕೆಳಗೆ,
ನನ್ನದು ಎರಡು ಕಂಪ್ಯೂಟರಿನ ಟೈಪಿಂಗ್ ಅಂಗಡಿ.
ಅರಬಿ ಅಕ್ಷರ ಉಪ್ಪಿನಂಗಡಿಯ ಮದರಸದಲ್ಲಿ ಕಲಿತದ್ದು,
ಅರ್ಥ ಇಲ್ಲಿ, ಒಂದೊಂದು ಅರ್ಜಿಗೆ ಒಂದೊಂದು ಬೈಗುಳ ತಿಂದು.

"ಇಲ್ಲಿ ಸಹಿ" ಅನ್ನುತ್ತೇನೆ ದಿನಕ್ಕೆ ನೂರು ಸಲ.
ಏನಿದೆ ಇದರಲ್ಲಿ ಎಂದು ಕೇಳುವವರು ಇಬ್ಬರೋ ಮೂವರೋ.
ಉಳಿದವರು ನನ್ನ ಬೆರಳನ್ನು ನೋಡುತ್ತಾರೆ, ಕಾಗದವನ್ನಲ್ಲ.

ಡಿಸೆಂಬರ್ ಇಪ್ಪತ್ತೊಂಬತ್ತರ ರಾತ್ರಿ ಶಟರ್ ಅರ್ಧ ಎಳೆದಿದ್ದೆ,
ಬಗ್ಗಿ ಒಳಬಂದರು ಎಫ್ರೆನ್, ಮಿಲಾಗ್ರೋಸ್.
ಅವನು ಏಸಿ ರಿಪೇರಿ, ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ನೆಲ ಒರೆಸುತ್ತಾಳೆ.
ಹನ್ನೊಂದು ವರ್ಷದಿಂದ ಇದೇ ದಿನ, ಇದೇ ಜಗಳ.

ನಾಳೆ ಅವರ ದೇಶದ ವೀರನನ್ನು ಗುಂಡಿಟ್ಟು ಕೊಂದ ದಿನ.
ಕಣ್ಣಿನ ಡಾಕ್ಟರು; ಪುಸ್ತಕ ಬರೆದು ಪಾದ್ರಿಗಳನ್ನು ಎದುರು ಹಾಕಿಕೊಂಡವನು.
ಎಫ್ರೆನ್ನನ ಕೀಚೈನಿನಲ್ಲಿ ತೂತು ಕೊರೆದ ಪೆಸೊ, ಅದರ ಮೇಲೆ ಅವನ ಮುಖ.
ಸಾಯುವ ಮುನ್ನ, ಅಂದದ್ದೆಲ್ಲ ಹಿಂದಕ್ಕೆ ತೆಗೆದುಕೊಂಡೆ ಎಂದು
ಬರೆದುಕೊಟ್ಟನಂತೆ.
ಆ ಕಾಗದ ಮೂವತ್ತೊಂಬತ್ತು ವರ್ಷ ಯಾರಿಗೂ ಸಿಗಲಿಲ್ಲ,
ಆಮೇಲೆ ಚರ್ಚಿನ ಕಡತದಲ್ಲೇ ಸಿಕ್ಕಿತು.

"ಬಾಸ್, ಸಹಿಗಳಿಂದಲೇ ಅನ್ನ ತಿನ್ನುವವನು ನೀನು. ನೋಡಿ ಹೇಳು.
ಇದು ಅವನ ಪತ್ರದ್ದು, ಇದು ಆ ಕಾಗದದ್ದು.
ಬಾಲ ನೋಡು, ಎಲ್ಲಿ ಎತ್ತಿದ್ದಾನೆ, ಎಲ್ಲಿ ಇಳಿಸಿದ್ದಾನೆ.
ಹೆಣವನ್ನು ಪೆಟ್ಟಿಗೆಯೂ ಇಲ್ಲದೆ ಹೂಳಿದರಲ್ಲ,
ಮರಳಿ ಬಂದ ಮಗನನ್ನು ಯಾರಾದರೂ ಹಾಗೆ ಹೂಳುತ್ತಾರಾ?"

ಮಿಲಾಗ್ರೋಸ್ ಕುರ್ಚಿಯ ತುದಿಯಲ್ಲಿ, ಬ್ಲೀಚಿನ ವಾಸನೆಯ ಕೈ ಮಡಿಲಲ್ಲಿ.
"ಬರೆದಿರಬಹುದು, ಕುಯಾ. ಹೆಂಗಸೊಬ್ಬಳಿದ್ದಳು.
ಬರೆಯದಿದ್ದರೆ ಮದುವೆ ಮಾಡಿಸುತ್ತಿರಲಿಲ್ಲ.
ಬೆಳಗಾದ ಮೇಲೆ ವಿಧವೆ ಅಂತಲಾದರೂ ಕರೆಯಲಿ ಅವಳನ್ನು ಅಂತ..."
"ಅಂದರೆ ಅವನು ಸುಳ್ಳು ಬರೆದ?"
"ನಾನು ಹಾಗಂದೆನಾ?"

ಭೂತಗನ್ನಡಿ ಹಿಡಿದೆ, ಸುಮ್ಮನೆ, ಗಿರಾಕಿಯ ಮರ್ಯಾದೆಗೆ.
ಶಾಯಿಯೆಲ್ಲಿ? ಝೆರಾಕ್ಸಿನ ಝೆರಾಕ್ಸು, ಬರೀ ಕಪ್ಪು ಚುಕ್ಕೆ.

ಕಂಡದ್ದು ಅಜ್ಮಾನಿನ ಗೋದಾಮು. ನನ್ನ ಮೊದಲ ವರ್ಷ.
ಏಳು ತಿಂಗಳ ಸಂಬಳಕ್ಕೆ ದೂರು ಕೊಟ್ಟವರು ಹದಿನಾಲ್ಕು ಜನ,
ದೂರನ್ನು ಎಲ್ಲರಿಗೂ ಓದಿ ಹೇಳಿದವನು ನಾನು.
ಒಂದು ಮಧ್ಯಾಹ್ನ ಮ್ಯಾನೇಜರನ ಮೇಜಿನ ಮೇಲೆ ನನ್ನ ಪಾಸ್‌ಪೋರ್ಟು,
ಪಾಸ್‌ಪೋರ್ಟಿನ ಮೇಲೆ ಅವನ ಮೊಣಕೈ.
ದೂರು ನನ್ನ ತಪ್ಪು ತಿಳಿವಳಿಕೆ, ಹಿಂದಕ್ಕೆ ಪಡೆದಿದ್ದೇನೆ.
ಅರಬಿಯಲ್ಲಿತ್ತು. ನನಗೆ ಓದಲು ಬರುತ್ತಿತ್ತು, ಅದೇ ತೊಂದರೆ.
ಹಾಕಿದೆ.
ಊರಲ್ಲಿ ಬಾಪ ಆಸ್ಪತ್ರೆಯಲ್ಲಿ ಎಂದು ಆಮೇಲೆ ಹೇಳಿಕೊಂಡೆ ಎಲ್ಲರಿಗೂ.
ಆಸ್ಪತ್ರೆ ನಿಜ. ಆದರೆ ಅದು ಮುಂದಿನ ತಿಂಗಳು.

ಅದರ ಪ್ರತಿ ಈಗಲೂ ನನ್ನ ಡ್ರಾಯರಿನಲ್ಲಿದೆ.
ನಾನು ಕನ್ನಡದಲ್ಲಿ ಸಹಿ ಹಾಕುವವನು: ಮೋನಬ್ಬ.
ಅದರಲ್ಲಿ ಮೋ ಹಿಗ್ಗಿದೆ, ಬ್ಬ ಗೆರೆ ಬಿಟ್ಟು ಕೆಳಗೆ ಜಾರಿದೆ.
ಯಾವ ಬ್ಯಾಂಕಿನವನಾದರೂ ಕಿಂಡಿಯಿಂದಲೇ ಹಿಂದಕ್ಕೆ ತಳ್ಳುತ್ತಾನೆ.
ಹಾಕಿದ್ದು ಈ ಕೈ.

"ಏನು, ಬಾಸ್?"
"ತಾಳೆಯಾಗುವುದಿಲ್ಲ."
ಎಫ್ರೆನ್ ಮೇಜು ಗುದ್ದಿ ನಕ್ಕ. ಮೌಸ್ ಕೆಳಗೆ ಬಿತ್ತು.
ಮಿಲಾಗ್ರೋಸ್ ನೋಡುತ್ತಿದ್ದಳು
ಗಾಜಿನ ಕೆಳಗೆ ದೊಡ್ಡದಾದ ನನ್ನ ಹೆಬ್ಬೆರಳನ್ನು.
"ತಾಳೆಯಾಗದಿದ್ದರೆ?" ಎಂದಳು.

ಹೊರಗೆ ಕರಕ್ ಚಹಾದ ಹುಡುಗ ಕಾರುಗಳ ಹಾರ್ನಿಗೆ ಓಡುತ್ತಿದ್ದ.
ಇನ್ನೊಂದು ಪ್ರತಿ ತೆಗೆದುಕೊಡು ಎಂದ ಎಫ್ರೆನ್,
ನಾಳೆ ಗೆಳೆಯರಿಗೆ ತೋರಿಸಬೇಕಂತೆ.
ಎರಡು ದಿರ್ಹಮ್. ತಮಾಷೆಗೆ ರಸೀದಿಯನ್ನೂ ಕೇಳಿದ.
ಬರೆದೆ. ಕೆಳಗೆ ಹೆಸರು ಹಾಕುವಾಗ
ಮೋ ಆದ ಮೇಲೆ ಒಂದು ಗಳಿಗೆ ನಿಂತೆ.