ಗೇಣುದ್ದ ರೀಲು

ರಿಪೇರಿಗೆ ಬಂದದ್ದು. ಸಿನಾನನ ಅಣ್ಣ
ಶಾರ್ಜಾದಿಂದ ಕಳಿಸಿದ ಕರಿಪೆಟ್ಟಿಗೆ.
ಹತ್ತೇ ನಿಮಿಷಕ್ಕೆ ಕಾದು ಬಂದ್.
ಫ್ಯಾನು ಬದಲಿಸಿದೆ, ಪೇಸ್ಟು ಹಚ್ಚಿದೆ, ಮುಚ್ಚಿದೆ.
ಸ್ಕ್ರೂ ಒಂದು ಉಳಿಯಿತು.
ಯಾವಾಗಲೂ ಒಂದು ಉಳಿಯುತ್ತದೆ.
ಇನ್ನು ಓಡಿಸಿ ನೋಡಬೇಕು. ಒಳಗೇ ಇತ್ತು ಡಿಸ್ಕು.

ಕುಂಬಳೆ ಸ್ಟೇಷನ್ ರಸ್ತೆ, ರಾತ್ರಿ ಒಂಬತ್ತೂವರೆ.
ಶಟರು ಅರ್ಧ ಎಳೆದು ಕೂತೆ.
ಪರದೆಯಲ್ಲಿ ಆಟದ ಹೆಸರು ಬಂತು.
ಈ ಹೆಸರು ನನಗೆ ಗೊತ್ತು. ಇದು ಆಟವಲ್ಲ,
ಸಿನೆಮಾ.

ಅಪ್ಪ ಐತಪ್ಪ ತಗಡಿನ ಟಾಕೀಸಿನಲ್ಲಿ ಪ್ರೊಜೆಕ್ಟರು ನಡೆಸುತ್ತಿದ್ದ.
ಮಂಗಳೂರು ಮುಗಿಸಿ, ಕಾಸರಗೋಡು ಮುಗಿಸಿ,
ಮೈತುಂಬ ಗೀರು ಬಿದ್ದು ನಮ್ಮಲ್ಲಿಗೆ ತಲುಪುವಾಗ
ಆ ಊರಿಗೆ ಹಗಲೂ ಇರುಳೂ ಮಳೆ ಹಿಡಿದಿತ್ತು.
ಒಂಬತ್ತು ದಿನ ಓಡಿತು. ಮಾತು ಯಾರಿಗೂ ತಿಳಿಯದು.
ತುಳುವಿನವರು, ಬ್ಯಾರಿಗಳು, ಮಲಯಾಳದವರು, ನಾವು,
ಗುಂಡಿನ ಸದ್ದಿಗೆ ಮಾತ್ರ ಎಲ್ಲ ಬೆಂಚೂ ಒಟ್ಟಿಗೆ ಬಗ್ಗುತ್ತಿತ್ತು.

ಕ್ಷೌರದಂಗಡಿ. ದೊಡ್ಡವನು ಕುರ್ಚಿಯಲ್ಲಿ,
ಮುಖದ ಮೇಲೆ ಬಿಸಿ ಟವೆಲು.
ಬಾಗಿಲ ಗಂಟೆ ಕಿಣಿ ಎನ್ನುತ್ತದೆ.
ಟಪ್.
ದೊಡ್ಡವನು ನೆಲದಲ್ಲಿ, ಟವೆಲು ಇನ್ನೂ ಹಬೆಯಾಡುತ್ತ.
ನಡುವೆ ಏನೂ ಇಲ್ಲ.
ಮೂರನೇ ದಿನ ರೀಲು ಹರಿದು ಅಪ್ಪ ಕತ್ತರಿಸಿ ಅಂಟಿಸಿದ್ದ;
ನಾನು ನೋಡಿದ್ದು ನಾಲ್ಕನೇ ದಿನ.
'ಕೊಂದದ್ದು ಯಾರಪ್ಪ?'
'ಬಂದವನು' ಎಂದ, ಕಾರ್ಬನ್ ಕಡ್ಡಿ ಸರಿಮಾಡುತ್ತ.

ಆ ತುಂಡು ಪೌಡರು ಡಬ್ಬಿಯಲ್ಲಿ ಇಟ್ಟುಕೊಂಡೆ.
ಗೇಣುದ್ದ, ಹನ್ನೆರಡು ಚೌಕ.
ಬೆಳಕಿಗೆ ಹಿಡಿದರೆ ಹನ್ನೆರಡರಲ್ಲೂ ಒಂದೇ ಬೆನ್ನು,
ಕರಿ ಕೋಟು, ಎಡಭುಜ ಕೊಂಚ ಇಳಿದದ್ದು.
ಆ ಬೆನ್ನಿಗೆ ಮುಖ ಹಚ್ಚುತ್ತ ಹಚ್ಚುತ್ತ ದೊಡ್ಡವನಾದೆ:
ಲೆಕ್ಕದ ಮಾಸ್ತರರದ್ದು,
ಟಾಕೀಸು ಮುಚ್ಚಿ ಸಿಮೆಂಟು ಗೋದಾಮು ಮಾಡಿದ ಹಸೈನಾರ್ ಹಾಜಿಯದ್ದು,
ಒಂದು ಸಲ, ಜ್ವರ ಬಂದಾಗ,
ಅಪ್ಪನದ್ದು.

ಈಗ ಅದೇ ಊರ ನಡುವೆ ನನ್ನನ್ನು ಬಿಟ್ಟಿದ್ದಾರೆ.
ಮಳೆಯಿಲ್ಲ! ಅದೇ ಮೊದಲ ಅಚ್ಚರಿ.
ಅಲ್ಲಿ ಪರದೆ ಮುಗಿದಲ್ಲಿ ಬೀದಿ ಮುಗಿಯುತ್ತಿತ್ತು,
ಇಲ್ಲಿ ತಿರುಗಬಹುದು. ತಿರುಗಿದೆ.
ಹಣ್ಣಿನ ಗಾಡಿ. ಹಗ್ಗದಲ್ಲಿ ಅಂಗಿಗಳು.
ಒಬ್ಬಾಕೆ ಅದೇ ನಾಲ್ಕು ಹೆಜ್ಜೆ ಹೋಗುತ್ತಾಳೆ, ಬರುತ್ತಾಳೆ.
ಕಾರು ಕದಿ ಎಂದಿತು, ಕದ್ದೆ.
ಕೆಂಪು ದೀಪಕ್ಕೆ ನಿಲ್ಲಿಸಿದೆ. ಹಿಂದಿನವರಿಗೆಲ್ಲ ಸಿಟ್ಟು.
ಭೂಪಟದ ಅಂಚಿಗೆ ಓಡಿಸಿದೆ:
ಸೇತುವೆ ಉಂಟು, ಆಚೆ ದೀಪಗಳೂ ಉಂಟು,
ಕಾರು ಮಾತ್ರ ಬರೀ ಗಾಳಿಗೆ ಹೊಡೆದು ನಿಲ್ಲುತ್ತದೆ.
ನಗು ಬಂತು. ಅಂಚಿನ ವಿಷಯ
ನನಗೆ ಹೇಳಿಕೊಡುವುದಾ ಮಾರಾಯ,
ತಲಪಾಡಿಯಲ್ಲಿ ಇಳಿದು ಬಸ್ಸು ಬದಲಿಸುವವನಿಗೆ?

ಫೋನಿನಲ್ಲಿ ಮತ್ತೆ ಮತ್ತೆ ಒಂದೇ ಅಪ್ಪಣೆ.
ಕ್ಷೌರದಂಗಡಿ.
ಹೋದೆ. ಗಂಟೆ, ಕಿಣಿ. ಟವೆಲು, ಹಬೆ.
ಚೌಕದ ಗುಂಡಿ ಒತ್ತು ಎಂದು ಮಿನುಗುತ್ತಿದೆ.
ಆಗ ಕಂಡಿತು,
ಎರಡು ಗಂಟೆಯಿಂದ ಕಣ್ಣೆದುರೇ ಇದ್ದದ್ದು:
ನಾನು ಹೋದಲ್ಲೆಲ್ಲ ನನ್ನ ಮುಂದೆಯೇ ನಡೆಯುತ್ತ
ಕರಿ ಕೋಟಿನ ಬೆನ್ನು,
ಎಡಭುಜ ಕೊಂಚ ಇಳಿದದ್ದು.

ಬಲಗಡೆಯ ಗುಬಟು ತಿರುಗಿಸಿದರೆ ಮುಖ ಕಾಣುತ್ತದೆ.
ಹೆಬ್ಬೆರಳು ಇಟ್ಟೆ.
ತೆಗೆದೆ.
ಕುರ್ಚಿಯವನು ಕಾಯುತ್ತಾನೆ. ಅವನಿಗೆ ಅವಸರವಿಲ್ಲ,
ಅವನ ಟವೆಲು ಆರುವುದೂ ಇಲ್ಲ.
ಹೊರಗೆ ಬಂದು ಆ ಊರಿನ ಟಾಕೀಸು ಹುಡುಕಿದೆ.
ಇತ್ತು, ದೀಪದ ಅಕ್ಷರಗಳಲ್ಲಿ.
ಬಾಗಿಲು ಮಾತ್ರ ಗೋಡೆಗೆ ಬಳಿದ ಬಣ್ಣ.
ಅದರ ಮುಂದೆ ನಾವಿಬ್ಬರೂ ನಿಂತೆವು,
ಬೆನ್ನು, ಅದರ ಹಿಂದೆ ನಾನು.
ರೈಲು ಹೋಯಿತು, ಶಟರು ನಡುಗಿತು. ಇಲ್ಲಿಯದ್ದು.

ಬೆಳಿಗ್ಗೆ ಸಿನಾನ ಬಂದ.
ಫ್ಯಾನು ಆರುನೂರೈವತ್ತು, ಕೂಲಿ ಇನ್ನೂರು.
'ಆಡಿದ್ರಾ? ಎಲ್ಲಿವರೆಗೆ ಹೋದ್ರಿ?'
'ಈಗ ಬಿಸಿಯಾಗುವುದಿಲ್ಲ' ಎಂದೆ.
ಉಳಿದ ಸ್ಕ್ರೂ ಪೌಡರು ಡಬ್ಬಿಗೆ ಹಾಕಿದೆ.