ನೀರಿನ ಗುಂಡಿ

ಮಾತು ಬಾರದ ಮಗಳಿಗೆಂದು ತಂದ
ಈ ಗಾಜಿನ ಹಲಗೆಗೂ ನಮ್ಮ ಮಾತು ಬರುತ್ತಿರಲಿಲ್ಲ.
ಟಿಬಿಲಿಸಿಯಿಂದ ಬಂದ ಇಯಾ ಹೇಳಿದಳು:
"ರಷ್ಯನ್ ಇದೆ, ಇಂಗ್ಲಿಷ್ ಇದೆ, ಟರ್ಕಿಯದೂ ಇದೆ.
ಜಾರ್ಜಿಯನ್ ಬೇಕಾದರೆ ನೀವೇ ಆಡಿ ತುಂಬಬೇಕು."

ತುಂಬಿದೆ, ಒಂದು ಭಾನುವಾರ ರಾತ್ರಿ,
ತೆಕ್ಲಾ ಮಲಗಿದ ಮೇಲೆ, ಅಡುಗೆಮನೆಯಲ್ಲಿ,
ಗುಂಯ್‌ಗುಡುವ ಫ್ರಿಜ್ಜಿನ ವಯರು ಕಿತ್ತು.
ರೊಟ್ಟಿ. ಬೆಕ್ಕು. ಸಾಕು. ಇನ್ನೂ. ನೋಯುತ್ತಿದೆ.
ಒಂದೊಂದು ಮಾತಿಗೆ ಒಂದೊಂದು ಚಿತ್ರದ ಗುಂಡಿ.
ಐದು ವರ್ಷದವಳ ಬಾಯಿಗೆ
ನಲವತ್ತೊಂದರ ನನ್ನ ದನಿ.
"ಬೇಡ" ಎಂಬುದನ್ನು ಮೂರು ಸಲ ಹೇಳಿ ನೋಡಿದೆ.
ಮೊದಲನೆಯದು ಬೇಡಿಕೊಂಡ ಹಾಗಿತ್ತು,
ಎರಡನೆಯದು ಗದರಿದ ಹಾಗೆ.
ಮೂರನೆಯದನ್ನು ಉಳಿಸಿದೆ.
"ನೀರು" ಅನ್ನುವ ಹೊತ್ತಿಗೆ ಮುರ್ತಾಜ್ ಪಾಳಿ ಮುಗಿಸಿ ಬಂದ,
ಬಾಗಿಲಲ್ಲೇ ಕೆಮ್ಮಿದ.
ಇರಲಿ, ನಾಳೆ ತಿದ್ದಿದರಾಯಿತು ಅಂದುಕೊಂಡೆ.

ಈ ಚಿಯಾತುರಾದಲ್ಲಿ ಕೆಮ್ಮದವರು ಯಾರು?
ಮ್ಯಾಂಗನೀಸ್ ದೂಳಿನ ರುಚಿ
ಕಣಿವೆಯ ಮೇಲೆ ತೂಗುವ ಕೇಬಲ್ ಕಾರಿಗೂ ಗೊತ್ತು,
ಕೆಳಗೆ ಕಪ್ಪಗೆ ಹರಿಯುವ ಕ್ವಿರಿಲಾ ಹೊಳೆಗೂ ಗೊತ್ತು.
ಅವನಿಗೆ ಇಳಿಯಲೊಂದು ಗುಂಡಿ,
ಇವಳಿಗೆ ಒತ್ತಲೊಂದು ಗುಂಡಿ,
ಎರಡರ ನಡುವೆ ಸಾರು ಬಿಸಿ ಮಾಡುತ್ತ ನಾನು.

ಮಾರ್ಚಿನಲ್ಲಿ ಅವನನ್ನು ಕುತಾಯಿಸಿಯ ಆಸ್ಪತ್ರೆಗೆ ಸೇರಿಸಿದೆವು.
ಅವತ್ತಿನಿಂದ ತೆಕ್ಲಾಗೆ ದಾಹ.
ನೀರು. ನೀರು. ನೀರು.
ನೀಲಿ ಲೋಟದಲ್ಲಿ ಕೊಟ್ಟೆ, ತಳ್ಳಿದಳು.
ಬೆಚ್ಚಗೆ ಮಾಡಿ ಕೊಟ್ಟೆ, ತಳ್ಳಿದಳು.
ಸ್ಟ್ರಾ ಹಾಕಿ ಕೊಟ್ಟೆ, ಮೇಜಿನ ತುಂಬ ನೀರು.
ಹಲಗೆಯನ್ನು ಕಿವಿಗೆ ಒತ್ತಿಕೊಂಡು
ಮತ್ತೆ ನೀರು.

ಗುರುವಾರ ಇಯಾ ಬಂದು ಕೇಳಿಸಿಕೊಂಡು,
"ಇದರಲ್ಲೇನೋ ಗದ್ದಲ ಸೇರಿದೆ,
ಅಳಿಸಿ ಹೊಸದಾಗಿ ಹೇಳಿಬಿಡಿ" ಎಂದಳು.
ಅವಳ ಬೆರಳು ಆಗಲೇ ಅಳಿಸುವ ಗುರುತಿನ ಮೇಲಿತ್ತು.
ಆಗ ಕೇಳಿಸಿತು ನನಗೆ,
ನನ್ನ ಮಾತು ಮುಗಿದ ಮೇಲಿನದು.

ಬೇಡ, ಅಂದೆ.
ಮೂರರಲ್ಲಿ ಯಾವ ಬೇಡವೋ ಅದು.

ಅವನ ಫೋಟೊ ಇಟ್ಟು ಹೊಸ ಗುಂಡಿ ಮಾಡಿಕೊಟ್ಟಳು ಇಯಾ:
"ಅಪ್ಪ", ಸ್ಪಷ್ಟವಾಗಿ, ನನ್ನ ದನಿಯಲ್ಲಿ.
ತೆಕ್ಲಾ ಒಮ್ಮೆ ಒತ್ತಿದಳು. ಕಾದಳು.
ಮತ್ತೆ ಒತ್ತಲಿಲ್ಲ.

ಈಗ ನಿಜವಾಗಿ ಬಾಯಾರಿದರೆ
ನನ್ನ ಕೈ ಹಿಡಿದು ನಲ್ಲಿಯವರೆಗೆ ಎಳೆಯುತ್ತಾಳೆ,
ಹಲಗೆ ಬರುವ ಮೊದಲಿನ ಹಾಗೆ.
ಇಯಾಳ ಪುಸ್ತಕದಲ್ಲಿ ಅದು ಹಿಂದೆ ಬಿದ್ದ ಲೆಕ್ಕ.

ನಿನ್ನೆ ಅವನ ಫೋನು ಬಂದಾಗ
ಹಲಗೆಯನ್ನು ಫೋನಿಗೆ ತಾಗಿಸಿ ಹಿಡಿದು ಒತ್ತಿದಳು.
ನೀರು, ಎಂದೆ ನಾನು, ಹಲಗೆಯೊಳಗಿನಿಂದ.
ಕೆಮ್ಮಿದ ಅವನು, ನನ್ನ ಹಿಂದಿನಿಂದ.
ಇನ್ನೊಮ್ಮೆ ಒತ್ತಿದಳು.
ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ,
"ಖಾತುನಾ, ಮನೆಯಲ್ಲಿ ಯಾರದು, ಪಾಪ,
ಅಷ್ಟೊಂದು ಕೆಮ್ಮುತ್ತಿರುವುದು?"