ನಿಲ್ಲುವ ಜಾಗ

ನನ್ನ ನಕ್ಷೆಯಲ್ಲಿ ಹಿಲ್ಕಾಳ ಮನೆಗೂ ಅಂಗಡಿಗೂ
ಹದಿನೇಳು ಸೆಂಟಿಮೀಟರು.
ಗೇಣಿಗೂ ಕಡಿಮೆ.
ಎರಡೂ ಬದಿಗೆ ಹಸಿರು ಬಳಿದಿದ್ದೆ,
ಬರ್ಚ್ ಮರಗಳಿಗೆ ದುಂಡು ದುಂಡು ಸೊನ್ನೆ,
ದಾರಿಗೆ ಒಂದೇ ಎಳೆತ, ಸ್ಕೇಲು ಹಿಡಿದು, ನೇರ.
ನಗರಸಭೆಯಲ್ಲಿ ತಲೆದೂಗಿದ್ದರು.

ತಾಂಪೆರೆಯ ಈ ಅಂಚಿನಲ್ಲಿ
ಎಂಟೆಂಟು ಅಂತಸ್ತಿನ ಕಟ್ಟಡಗಳ ನಡುವೆ
ಯಾರಿಗೂ ಜಗಲಿಯಿಲ್ಲ.
ಬಾಗಿಲು, ಲಿಫ್ಟು, ಮತ್ತೆ ಬಾಗಿಲು,
ಆಮೇಲೆ ಬಯಲು.

ಅವಳೇ ಕಚೇರಿಗೆ ಫೋನು ಮಾಡಿದ್ದು.
ನಲವತ್ತು ವರ್ಷ ಹತ್ತಿ ಗಿರಣಿಯ ಮಗ್ಗಗಳಿಗೆ
ಕಿವಿ ಕೊಟ್ಟು ಬಂದವಳು, ಮಾತೆಲ್ಲ ಕೂಗು:
"ನಿನ್ನ ದಾರಿ ಚೆನ್ನಾಗಿದೆ.
ಉಸಿರು ಎಲ್ಲಿ ಬಿಡಬೇಕು ಅಂತ ಮಾತ್ರ ಬರೆದಿಲ್ಲ."

ಮಾರ್ಚ್‌ನಿಂದ ಹೊರಗೆ ಬಂದಿಲ್ಲವಂತೆ.
ಹಾಲು, ರೊಟ್ಟಿ ಮನೆಗೇ ಬರುತ್ತದೆ,
ತಂದವನು ಬಾಗಿಲಲ್ಲಿಟ್ಟು ಇಳಿದುಬಿಡುತ್ತಾನೆ.
ಇನ್ನೊಂದು ಮುಖ ನೋಡಿ ಎಷ್ಟು ದಿನವಾಯಿತೆಂದು
ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಬುಧವಾರ ಜೊತೆಗೆ ನಡೆದೆ.
ನೂರಾಹತ್ತು ಹೆಜ್ಜೆಗೆ ವಿದ್ಯುತ್ ಪೆಟ್ಟಿಗೆ:
ಅಂಗೈ ಊರಿ ನಿಂತಳು.
ನೂರಾಎಂಬತ್ತಕ್ಕೆ ಏನೂ ಇಲ್ಲ;
ನನ್ನ ತೋಳು ಹಿಡಿದಳು, ಹಿಡಿದದ್ದಕ್ಕೆ ನಾಚಿ
ಮೋಡದ ಬಗ್ಗೆ ಮಾತಾಡಿದಳು.
ಇನ್ನೂರಾಅರವತ್ತಕ್ಕೆ ಒಂದು ಬರ್ಚ್,
ತೊಗಟೆ ಒಂದೆಡೆ ನುಣುಪಾಗಿತ್ತು.
ಅಷ್ಟು ನುಣುಪಾಗಲು ಒಂದೇ ಕೈ ಸಾಲದು.
ಆಮೇಲೆ ಎಣಿಸುವುದನ್ನು ಬಿಟ್ಟೆ.

ಉರ್ಪೊ ಹೇಳಿದ: ಬೆಂಚು ಹಾಕಿದರೆ
ಹಿಮ ಗೋರುವ ಗಾಡಿಗೆ ಅಡ್ಡ.
ಅವನದೂ ಸುಳ್ಳಲ್ಲ. ನಸುಕಿನ ನಾಲ್ಕಕ್ಕೆ
ಆ ಗಾಡಿ ಏರಿ ಏರಿ ಬೆನ್ನು ಕಳಕೊಂಡವನು.
ಬೆಂಚಿದ್ದರೆ ಕುಡುಕರು ಬರುತ್ತಾರೆ ಎಂದ ಇನ್ನೊಬ್ಬ.
ಬರಲಿ, ಅವರಿಗೂ ಕಾಲು ಸೋಲುತ್ತವೆ
ಎನ್ನಬೇಕಿತ್ತು ನಾನು.
ಕಡತ ಮುಚ್ಚಿಕೊಂಡು ಎದ್ದು ಬಂದೆ.

ನವೆಂಬರಿನಲ್ಲಿ ಮೊದಲ ಹಿಮ.
ಅವತ್ತೇ ಗಾಡಿ ಕೆಟ್ಟು ನಿಂತಿತು.
ಮಧ್ಯಾಹ್ನ ನಾನೂ ಉರ್ಪೊನೂ
ದಾರಿಯ ತುದಿಯಲ್ಲಿ ನಿಂತು ನೋಡಿದೆವು:
ಊರಿಗೆ ಊರೇ ನಡೆದು ಹೋಗಿತ್ತು ಬಿಳಿಯ ಮೇಲೆ.
ಸ್ಕೇಲಿನ ನೇರದಲ್ಲಿ ಯಾರೂ ಇಲ್ಲ.
ಗಾಳಿ ತಪ್ಪಿಸಿ ಗೋಡೆಯ ಮರೆಗೆ ಬಾಗಿ,
ತುಸು ಬಿಸಿಲಿದ್ದ ಕಡೆ ಹೊರಳಿ, ಮತ್ತೆ ಕೂಡಿ,
ನಡುನಡುವೆ ಅಲ್ಲಲ್ಲಿ
ಹಿಮ ದುಂಡಗೆ ತುಳಿಸಿಕೊಂಡು ಕಂದಿತ್ತು.
ಕೈಗಾಡಿಯ ಗಾಲಿ, ಊರುಗೋಲಿನ ತೂತು,
ಮಗುವಿನ ಬೂಟು, ಸಿಗರೇಟಿನ ತುಂಡು.
ನಿಂತವರ ಗುರುತು.

ಉರ್ಪೊ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಕೆಂಪು ಕಡ್ಡಿಗಳನ್ನು ತಂದು
ಕಂದಿದ ಜಾಗಕ್ಕೊಂದರಂತೆ ನೆಟ್ಟ.
"ಎರಡಡಿ ಹಿಂದಕ್ಕೆ ಹಾಕಿಸು," ಎಂದ,
"ಗಾಡಿ ಹಾಯುತ್ತದೆ."

ಮೇ ತಿಂಗಳಿಗೆ ಐದು ಬೆಂಚು ಬಂದವು.
ಒರಗಲು ಬೆನ್ನು, ಊರಿ ಏಳಲು ತೋಳು.
ಒಂದನ್ನು ಕಡ್ಡಿ ಬಿಟ್ಟು, ಚೆಂದ ಕಾಣಲೆಂದು,
ನನ್ನಿಷ್ಟಕ್ಕೆ ಹಾಕಿಸಿದ್ದೆ.
ಅಲ್ಲಿ ಕಾಗೆಗಳು ಕೂರುತ್ತವೆ.

ಹಿಲ್ಕಾ ಈಗ ದಿನಾ ಅಂಗಡಿಗೆ ಹೋಗುತ್ತಾಳೆ.
ಮೊದಲ ಬೆಂಚು ಮುಟ್ಟುತ್ತಾಳೆ, ದಾಟುತ್ತಾಳೆ.
ಎರಡನೆಯದನ್ನೂ ಮುಟ್ಟಿಯೇ ದಾಟುತ್ತಾಳೆ.
"ಕೂರೋದಿಲ್ವಾ?" ಎಂದೆ ಒಮ್ಮೆ, ಕೂಗಿ.
"ಇದೆಯಲ್ಲ," ಎಂದಳು.

ವರ್ಷದ ಕೊನೆಗೆ ಒಂದು ನಮೂನೆ ತುಂಬಬೇಕು:
ಬೆಂಚಿಗೆ ದಿನಕ್ಕೆ ಕೂತವರೆಷ್ಟು.
ಅವಳ ಲೆಕ್ಕ ಸೊನ್ನೆ.
ಪೆನ್ನು ಕೆಳಗಿಟ್ಟು
ಹಸಿರು ಪೆನ್ಸಿಲು ಹುಡುಕಿ ತೆಗೆದೆ,
ಬರ್ಚ್ ಬರೆಯುವ ಹಾಗೆ ಬರೆದೆ ಅದನ್ನು,
ದುಂಡಗೆ, ನಿಧಾನಕ್ಕೆ.